ತಂತಿಯ ಮೇಲೆ ಯಾಕೆ ಸ್ವಾಮಿ ಸಿಟ್ಟು?

ಮುಂಬೈಗೆ ಬಂದು ಮೂವತ್ತು ವರ್ಷವಾಯಿತು. ಬಿಕಾಂ ಮುಗಿಸಿ ಬ್ಯಾಂಕು ಸೇರಿದವನು, ಲೆಡ್ಜರ್ ಬಿಟ್ಟು ಡೇಟಾ ಸೆಂಟರಿನ ಉಸಾಬರಿಗೆ ಬಿದ್ದು ಹತ್ತು ವರ್ಷ. ಈ ಹತ್ತು ವರ್ಷದಲ್ಲಿ ಅತಿ ಹೆಚ್ಚು ಕೇಳಿದ ಮಂತ್ರಗಳು ಎರಡು: "ಕೇಬಲ್ ಬದಲಿಸಿ", "ಕಂಟ್ರೋಲರ್ ರೀಸ್ಟಾರ್ಟ್ ಮಾಡಿ". ಇವತ್ತಿನ ನನ್ನ ಜಗಳ ಈ ಮಂತ್ರಗಳ ಜೊತೆ.

ಮೊದಲು ಸ್ವಲ್ಪ ಹಿನ್ನೆಲೆ. ಹಳೆಯ ಪದ್ಧತಿಯಲ್ಲಿ ಪ್ರತಿ ಸ್ವಿಚ್ಚೂ ತನ್ನ ಬುದ್ಧಿಯಿಂದಲೇ ದಾರಿ ಹುಡುಕುತ್ತಿತ್ತು. 2008ರಲ್ಲಿ ಸ್ಟ್ಯಾನ್‌ಫರ್ಡ್ ಕಡೆಯವರು ಓಪನ್‌ಫ್ಲೋ ಪ್ರಕಟಿಸಿದರು. ಅಲ್ಲಿಂದ ಬೆಳೆದ ಎಸ್‌ಡಿಎನ್ ಪದ್ಧತಿಯಲ್ಲಿ ಬುದ್ಧಿಯೆಲ್ಲ ಕಂಟ್ರೋಲರ್ ಎಂಬ ಹೆಡ್ ಆಫೀಸಿಗೆ. ಸ್ವಿಚ್ಚುಗಳು ಹೇಳಿದಷ್ಟು ಮಾಡುವ ಶಾಖೆಗಳು.

ಯಾವ ಶಾಖೆಯ ಪಕ್ಕ ಯಾವುದಿದೆ ಎಂದು ಹೆಡ್ ಆಫೀಸಿಗೆ ತಿಳಿಯುವುದು ಹೇಗೆ? ಎಲ್‌ಎಲ್‌ಡಿಪಿ ಎಂಬ ಚೀಟಿಯಿಂದ. ಕಂಟ್ರೋಲರ್ ಚೀಟಿ ಬರೆದು 'ಪ್ಯಾಕೆಟ್ ಔಟ್' ಲಕೋಟೆಯಲ್ಲಿ ಒಂದು ಸ್ವಿಚ್ಚಿಗೆ ಕೊಡುತ್ತದೆ. ಅದು ಹೇಳಿದ ಪೋರ್ಟಿನಿಂದ ಹೊರಗೆ ಬಿಡುತ್ತದೆ. ಪಕ್ಕದ ಸ್ವಿಚ್ಚು ಹಿಡಿದು 'ಪ್ಯಾಕೆಟ್ ಇನ್' ಮಾಡಿ ವಾಪಸು ಕಳಿಸುತ್ತದೆ. ಚೀಟಿ ಬಂತೇ? ಇವರಿಬ್ಬರ ನಡುವೆ ತಂತಿ ಇದೆ. ಬರಲಿಲ್ಲವೇ? ನಕ್ಷೆಯಿಂದ ಗೆರೆ ಅಳಿಸು!

ನನ್ನ ತಕರಾರು ಇಲ್ಲಿಂದಲೇ ಶುರು. ಚೀಟಿ ಕಳೆದದ್ದಕ್ಕೂ ತಂತಿ ಕಡಿದದ್ದಕ್ಕೂ ವ್ಯತ್ಯಾಸವಿಲ್ಲವೇ? ಶಾಖೆ ಶಾಖೆಗಳ ನಡುವಿನ ಅಡ್ವೈಸ್ ಟ್ಯಾಲಿ ಮಾಡುತ್ತಿದ್ದ ಕಾಲದಲ್ಲಿ ಒಂದು ಅಡ್ವೈಸ್ ಬರದಿದ್ದರೆ ಆ ಶಾಖೆಯೇ ಮುಚ್ಚಿದೆ ಅಂತ ನಾವ್ಯಾರೂ ಬರೆಯುತ್ತಿರಲಿಲ್ಲ. ಎಲ್ಲಿ ಸಿಕ್ಕಿಕೊಂಡಿದೆ ಅಂತ ಎರಡೂ ಕಡೆಯ ಪುಸ್ತಕ ತೆಗೆಯುತ್ತಿದ್ದೆವು.

ಫ್ಲಡ್‌ಲೈಟ್ ಎಂಬ ಪ್ರಸಿದ್ಧ ಕಂಟ್ರೋಲರಿನ ಲೆಕ್ಕ ನೋಡಿ. 15 ಸೆಕೆಂಡಿಗೊಮ್ಮೆ ಚೀಟಿ, 35 ಸೆಕೆಂಡು ಸುದ್ದಿಯಿಲ್ಲದಿದ್ದರೆ ಲಿಂಕ್ ಸತ್ತಂತೆ. ಅಂದರೆ ಸಾಲಾಗಿ ಎರಡು ಚೀಟಿ ಕಳೆದರೆ ಸಾಕು, ಗಟ್ಟಿಮುಟ್ಟಾದ ತಂತಿಗೆ ತಿಥಿ! ನಕ್ಷೆ ಬದಲಾಯಿತೆಂದು ದಾರಿಗಳೂ ಬದಲಾಗುತ್ತವೆ, ಸುಳ್ಳು ಸುದ್ದಿಯ ಮೇಲೆ ನಿಜವಾದ ವ್ಯವಹಾರ ಅಲ್ಲಾಡುತ್ತದೆ. ಕೌಂಟರಿನಲ್ಲಿ ಪಿಂಚಣಿಗೆ ನಿಂತ ಅಜ್ಜಿಗೆ ಸಿಗುವ ಉತ್ತರ ಮಾತ್ರ ಒಂದೇ: "ಲಿಂಕ್ ಇಲ್ಲ".

ಚೀಟಿ ಕಳೆಯುವ ಜಾಗಗಳೇನು ಗುಟ್ಟಲ್ಲ. ಮೊದಲನೆಯದು, ನಿಯಮದ ಪಟ್ಟಿ. ಓಪನ್‌ಫ್ಲೋ 1.0ರಲ್ಲಿ ಯಾವ ನಿಯಮಕ್ಕೂ ಸಿಗದ ಪ್ಯಾಕೆಟ್ ಸಾಮಾನ್ಯವಾಗಿ ಕಂಟ್ರೋಲರಿಗೆ ಹೋಗುತ್ತಿತ್ತು. 2012ರ 1.3ರಲ್ಲಿ ಹಾಗಲ್ಲ, 'ಟೇಬಲ್ ಮಿಸ್' ನಿಯಮ ಹಾಕದಿದ್ದರೆ ಅದು ನೇರ ಕಸದ ಬುಟ್ಟಿಗೆ. ಎರಡನೆಯದು, ನಡುವೆ ಸಿಕ್ಕಿಸಿದ ಹಳೆಯ ಸ್ವಿಚ್ಚು. ಎಲ್‌ಎಲ್‌ಡಿಪಿ ಪಕ್ಕದ ಮನೆ ದಾಟಬಾರದೆಂಬುದು ಅದಕ್ಕೆ ಗೊತ್ತಿರುವ ಶಾಸ್ತ್ರ, ಹಾಗಾಗಿ ಅದು ಚೀಟಿಯನ್ನು ನುಂಗುತ್ತದೆ. ಮೂರನೆಯದು, ನೂಕುನುಗ್ಗಲು. ಜಾಲದಲ್ಲಿ ಲೂಪ್ ಆಗಿ ಎಆರ್‌ಪಿ ಬಿರುಗಾಳಿ ಎದ್ದರೆ ಚೀಟಿಯೂ ಅದೇ ಸಾಲಿನಲ್ಲಿ ನಿಂತು ಉಸಿರುಕಟ್ಟುತ್ತದೆ.

ಇಷ್ಟಿದ್ದೂ ಕೇಬಲ್ ಮೇಲೇ ಯಾಕೆ ಸಿಟ್ಟು? ಸ್ವಿಚ್ಚಿಗೆ ನೇರವಾಗಿ ಸಿಕ್ಕಿಸಿದ ಕೇಬಲ್ ಕಡಿದರೆ ಸ್ವಿಚ್ಚು ಆ ಕ್ಷಣವೇ 'ಪೋರ್ಟ್ ಸ್ಟೇಟಸ್' ಸಂದೇಶ ಕಳಿಸುತ್ತದೆ. ಆ ಸಂದೇಶವಿಲ್ಲದೆ ಲಿಂಕ್ ಮಾಯವಾಗಿದ್ದರೆ ಮೊದಲು ಹುಡುಕಬೇಕಾದದ್ದು ಚೀಟಿಯನ್ನು. ಆದರೆ ನಾನು ಕಂಡ ಒಂದು ಕಡೆ, ಗುತ್ತಿಗೆಯ ಹುಡುಗನೊಬ್ಬ ಒಂದೇ ಕೇಬಲನ್ನು ಮೂರು ಸಲ ಬದಲಿಸಿ, ನಾಲ್ಕನೆಯ ಸಲ ಕೆಲಸವನ್ನೇ ಕಳೆದುಕೊಂಡ. ಇಲ್ಲದಿದ್ದದ್ದು ಟೇಬಲ್ ಮಿಸ್ ನಿಯಮ! ಅದನ್ನು ಹಾಕದಿದ್ದ ದೊಡ್ಡವರಿಗೆ ಒಂದು ಮೆಮೋ ಕೂಡ ಹೋಗಲಿಲ್ಲ.

"ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಲ್ಲ ಸಾರ್" ಅನ್ನುತ್ತಾರೆ ಮಾಟುಂಗದ ಕಡೆ ಸಿಗುವ ನಮ್ಮೂರಿನ ಇಂಜಿನಿಯರ್ ಹುಡುಗರು. ಕೆಲವೊಮ್ಮೆ ಹೋಗುತ್ತದಪ್ಪಾ, ತುಂಬಿದ ಸಾಲು ಖಾಲಿಯಾಗುತ್ತದೆ. ಅದರ ಜೊತೆ ಆ ಕ್ಷಣದ ಎಣಿಕೆಗಳೂ ಹೋಗುತ್ತವೆ. ಕಳ್ಳ ಹೊಕ್ಕ ಮನೆಯನ್ನು ಪೊಲೀಸರು ಬರುವ ಮುಂಚೆಯೇ ಗುಡಿಸಿ ಸಾರಿಸಿದ ಹಾಗೆ! ಇನ್ನು ಟೈಮ್‌ಔಟ್ ಹಿಗ್ಗಿಸುವವರು. ನಡುವೆ ಬೇರೆ ಪೆಟ್ಟಿಗೆಯಿದ್ದು ಅದರಾಚೆ ತಂತಿ ಕಡಿದರೆ ನಮ್ಮ ಪೋರ್ಟು ಎದ್ದೇ ಇರುತ್ತದೆ, ಸುದ್ದಿ ಕೊಡುವುದು ಚೀಟಿಯೊಂದೇ. ಕಾಯುವ ಹೊತ್ತು ಹಿಗ್ಗಿಸಿದಷ್ಟೂ ನಿಜವಾದ ಸಾವು ತಡವಾಗಿ ತಿಳಿಯುತ್ತದೆ.

ಮದ್ದು ನಮ್ಮ ಹಳೆಯ ಟ್ಯಾಲಿಯೇ. ಕಂಟ್ರೋಲರ್ ಎಷ್ಟು ಚೀಟಿ ಕೊಟ್ಟಿತು? ಮೊದಲ ಸ್ವಿಚ್ಚಿನಿಂದ ಎಷ್ಟು ಹೊರಟವು? ಎರಡನೆಯದಕ್ಕೆ ಎಷ್ಟು ಮುಟ್ಟಿದವು? ವಾಪಸು ಎಷ್ಟು ಬಂದವು? ವೈರ್‌ಶಾರ್ಕ್ ಹಚ್ಚಿ ನಾಲ್ಕು ಕಡೆ ಎಣಿಸಿ. ಲೆಕ್ಕ ಎಲ್ಲಿ ತಪ್ಪುತ್ತದೋ ರೋಗ ಅಲ್ಲೇ. ಎ ಇಂದ ಬಿ ಕಾಣಿಸಿ, ಬಿ ಇಂದ ಎ ಕಾಣಿಸದಿದ್ದರೆ ಅರ್ಧ ಹುಡುಕಾಟ ಅಲ್ಲಿಗೇ ಮುಗಿಯಿತು.

ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಕ್ಯಾಷಿಯರನ್ನು ರಾತ್ರಿವರೆಗೆ ಕೂರಿಸುತ್ತೇವೆ. ಚೀಟಿ ಕಳೆದಾಗ ಮಾತ್ರ ಎಣಿಸದೆಯೇ ಬಡವನ ಕೆಲಸ ತೆಗೆಯಬಹುದೇ? ಎಣಿಸಿದ ಮೇಲೂ ತಪ್ಪು ತಂತಿಯದ್ದೇ ಆಗಿದ್ದರೆ ಬದಲಿಸಿ, ನನ್ನ ಅಡ್ಡಿಯಿಲ್ಲ. ಏನಂತೀರಿ?