ಮ್ಯಾಟ್ರಿಕ್ಸ್ ಮಾಡೋದು ಸುಲಭವಂತೆ!

ಆರ್ ಭಾಷೆ ಕಲಿಸೋ ಪಾಠಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತೆ. ಮ್ಯಾಟ್ರಿಕ್ಸ್ ಮಾಡೋದು ತುಂಬಾ ಸುಲಭ, ಒಂದೇ ಸಾಲು ಸಾಕು ಅಂತ. ಒಂದರಿಂದ ಆರರವರೆಗೆ ಸಂಖ್ಯೆ ಕೊಡಿ, ಎರಡು ಅಡ್ಡಸಾಲು ಬೇಕು ಅನ್ನಿ, ಮುಗೀತು. ನಾನೂ ಹಾಗೇ ಕಲಿತವನು. ಇನ್ನೊಬ್ಬರಿಗೆ ಹಾಗೇ ಒಪ್ಪಿಸಿದವನೂ ಹೌದು. ಈಗ ಆ "ಸುಲಭ" ಅನ್ನೋ ಪದ ಕಂಡರೆ ಮೈ ಉರಿಯುತ್ತೆ.

ಆ ಆರು ಸಂಖ್ಯೆ ಕೊಟ್ಟು ನೋಡಿ. ಮೇಲಿನ ಸಾಲಲ್ಲಿ 1, 2, 3 ಬರುತ್ತೆ ಅಂದ್ಕೊಂಡ್ರಾ? ಬರೋದು 1, 3, 5. ಕೆಳಗೆ 2, 4, 6. ನಾವು ಎಡದಿಂದ ಬಲಕ್ಕೆ ಬರೆದದ್ದನ್ನು ಆರ್ ಮೇಲಿಂದ ಕೆಳಕ್ಕೆ, ಕಂಬಸಾಲಾಗಿ ತುಂಬುತ್ತೆ. ಬೇಡ ಅಂದ್ರೆ ಬೈರೋ ಅನ್ನೋದಕ್ಕೆ ಟ್ರೂ ಅಂತ ನೀವೇ ಕೊಡಬೇಕು.

ಇಷ್ಟಕ್ಕೆಲ್ಲಾ ಕೂಗಾಡಬೇಕಾ ಅಂತೀರಾ? ಕೇಳಿ. ನಮ್ಮ ಟೀಮಿಗೆ ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ಸೇರಿದಳು. "ಸುಲಭ ಕಣಮ್ಮಾ" ಅಂತ ಆ ಒಂದು ಸಾಲು ಹೇಳಿಕೊಟ್ಟೆ. ಮೊದಲು ಊರುಗಳ ನಡುವಿನ ದೂರದ ಪಟ್ಟಿ ಮಾಡಿಸಿ, ಪರೀಕ್ಷಿಸಿ, ಪಾಸ್ ಅಂದೆ. ಬೆಂಗಳೂರಿಂದ ಮೈಸೂರಿಗೆ ಎಷ್ಟೋ ಮೈಸೂರಿಂದ ಬೆಂಗಳೂರಿಗೂ ಅಷ್ಟೇ ತಾನೇ, ಅಡ್ಡವನ್ನು ಉದ್ದ ಮಾಡಿದರೂ ಪಟ್ಟಿ ಬದಲಾಗಲ್ಲ! ಮುಂದಿನ ವಾರ ಅದೇ ಕೋಡಿಗೆ ಗೋಡೌನುಗಳ ಲಾರಿ ಲೆಕ್ಕ ಹಾಕಿದಳು. ಬೆಂಗಳೂರಿಂದ ಹುಬ್ಬಳ್ಳಿಗೆ 48, ಹುಬ್ಬಳ್ಳಿಯಿಂದ ಬೆಂಗಳೂರಿಗೆ 11. ರಿಪೋರ್ಟಿನಲ್ಲಿ ತಿರುವುಮುರುವು. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಒಟ್ಟು ಕೂಡಿದರೂ ಸರಿ. ಮೂರು ವಾರ ಹಾಗೇ ಹೋಯ್ತು. ಕೊನೆಗೆ ಕಂಡುಹಿಡಿದದ್ದು ಹುಬ್ಬಳ್ಳಿ ಗೋಡೌನಿನ ಸೂಪರ್‌ವೈಸರ್, ನಾವು ಇಂಜಿನಿಯರುಗಳಲ್ಲ. ಅವಳ ರಿವ್ಯೂನಲ್ಲಿ "ಕೇರ್‌ಲೆಸ್" ಅಂತ ಬಿತ್ತು. ಪಾಸ್ ಅಂದವನು ಅದೇ ಮೀಟಿಂಗಿನಲ್ಲಿ ಕಾಫಿ ಕಪ್ ನೋಡ್ತಾ ಕೂತಿದ್ದೆ.

ಇದನ್ನು ಹೇಳಿದರೆ ಪಂಡಿತರಿಂದ ರೆಡಿಮೇಡ್ ಉತ್ತರ: ಡಾಕ್ಯುಮೆಂಟೇಶನ್ ಓದಬೇಕಿತ್ತು. ಆಮೇಲೆ ಇತಿಹಾಸ. ಆರ್‌ನ ಮೂಲ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾದ ಎಸ್ ಭಾಷೆ, ಅದರ ಅಡಿಯಲ್ಲಿದ್ದದ್ದು ಫೋರ್ಟ್ರಾನ್, ಫೋರ್ಟ್ರಾನ್ ಕಂಬಸಾಲಾಗಿ ಇಡುತ್ತೆ, ಅದಕ್ಕೇ ಹೀಗೆ ಅಂತ. ಸ್ವಾಮಿ, ಮೆಮೊರಿಯಲ್ಲಿ ಹೇಗಾದರೂ ಇಟ್ಟುಕೊಳ್ಳಲಿ, ಬೇಡ ಅಂದವರು ಯಾರು? ಅಕ್ಕಿ ಡಬ್ಬ ಯಾವ ಶೆಲ್ಫಿನಲ್ಲಿದೆ ಅನ್ನೋದು ಊಟಕ್ಕೆ ಕೂತವನಿಗೆ ಯಾಕೆ? ಮ್ಯಾಟ್‌ಲ್ಯಾಬ್ ಕೂಡ ಒಳಗೆ ಕಂಬಸಾಲಾಗೇ ಇಡೋದು. 2012ರಲ್ಲಿ ಹೊರಬಂದ ಜೂಲಿಯಾನೂ ಅಷ್ಟೇ. ಆದರೆ ಅಲ್ಲಿ ಮ್ಯಾಟ್ರಿಕ್ಸನ್ನು ನೀವು ಕಣ್ಣಿಗೆ ಕಾಣೋ ಹಾಗೇ, ಅಡ್ಡಸಾಲಾಗಿ ಬರೀತೀರಿ. ಆರ್‌ನಲ್ಲೇ ಬೈರೋ ಟ್ರೂ ಅಂದರೂ ಒಳಗೆ ಇಡೋದು ಕಂಬಸಾಲಾಗೇ. ಹಾಗಿದ್ದ ಮೇಲೆ ಫೋರ್ಟ್ರಾನ್ ತಪ್ಪೇನು ಬಂತು?

(ಇನ್ನೊಂದು ಚೆಂದ. 12 ಮನೆಗೆ ಆರೇ ಸಂಖ್ಯೆ ಕೊಟ್ಟರೆ ತುಟಿಪಿಟಕ್ ಅನ್ನದೆ ಅದನ್ನೇ ಎರಡು ಸಲ ತುಂಬುತ್ತೆ. ಧಾರಾಳಿ! :-) )

ಡಿಫಾಲ್ಟ್ ಅನ್ನೋದು ಶಾಸನವೇನಲ್ಲ. ಅಕ್ಷರಗಳನ್ನು ತಾನಾಗೇ ಫ್ಯಾಕ್ಟರ್ ಮಾಡೋ ಚಾಳಿಯನ್ನು 2020ರಲ್ಲಿ 4.0.0 ಆವೃತ್ತಿ ಬಂದಾಗ ಬಿಟ್ಟರು. ಆದರೆ ಇದನ್ನು ಬದಲಾಯಿಸಿದರೆ ಲೋಕದ ಹಳೇ ಕೋಡೆಲ್ಲ ಸದ್ದಿಲ್ಲದೆ ತಿರುಗಿಬೀಳುತ್ತೆ, ಅದು ಇನ್ನೂ ದೊಡ್ಡ ಅನಾಹುತ. ಹಾಗಾಗಿ ನನ್ನ ಜಗಳ ಭಾಷೆ ಕಟ್ಟಿದವರ ಜೊತೆಗಿಂತ ಕಲಿಸೋರ ಜೊತೆ, ಅಂದರೆ ನನ್ನ ಜೊತೆಗೂ. ಆರ್‌ಬೈಂಡ್ ಅಂತೊಂದಿದೆ. ಒಂದೊಂದು ಅಡ್ಡಸಾಲನ್ನೂ ಬೇರೆಬೇರೆ ಬರೆದು ಒಂದರ ಕೆಳಗೊಂದು ಜೋಡಿಸುತ್ತೆ. ನಾಲ್ಕು ಅಕ್ಷರ ಜಾಸ್ತಿ ಟೈಪ್ ಮಾಡಬೇಕು, ಆದರೆ ಬರೆದದ್ದೂ ಬಂದದ್ದೂ ಒಂದೇ. ಮೊದಲ ಪಾಠ ಅದಾಗಲಿ. ಪರೀಕ್ಷೆಗೆ ಮಾತ್ರ ದೂರದ ಪಟ್ಟಿ ಕೊಡಬೇಡಿ, ಅಡ್ಡ ಉದ್ದ ಬೇರೆಬೇರೆ ಇರೋ ಲೆಕ್ಕ ಕೊಡಿ.

ಪಾಸ್ ಅಂದವನು ನಾನೇ ಅಂತ ಮ್ಯಾನೇಜರಿಗೆ ಮೊನ್ನೆ ಮೇಲ್ ಹಾಕಿದೆ. ಉತ್ತರ ಇನ್ನೂ ಬಂದಿಲ್ಲ.