ಆಮ್ಲ, ಲೋಹ ಮತ್ತು ನಮ್ಮ ಕನ್ನಡ ತರಗತಿ

ವೆಸ್ಟ್‌ಮಂಟ್, ನೇಪರ್‌ವಿಲ್, ಅರೋರಾ ಮುಂತಾದ ಊರುಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಕನ್ನಡದಲ್ಲಿ ಹಾಡುತ್ತಾರೆ, ರಾಜ್ಯೋತ್ಸವದಂದು ನಾಟಕವಾಡುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಕಾರಣ ಹುಡುಕಬೇಕಾದಾಗ ಅವರು ಇಂಗ್ಲಿಷಿಗೆ ಹೊರಳುತ್ತಾರೆ. ಕನ್ನಡವಿರುವುದು ಹಬ್ಬಕ್ಕೆ, ಆಲೋಚನೆಗೆ ಬೇರೆ ಭಾಷೆ ಎಂಬ ಭಾವನೆ ಅವರಲ್ಲಿ ಬೇರೂರಿದರೆ, ಎಷ್ಟು ಹಾಡು ಕಲಿಸಿದರೂ ಭಾಷೆ ಉಳಿಯಲಾರದು. ಆದ್ದರಿಂದ ನಮ್ಮ ವಾರಾಂತ್ಯದ ಕನ್ನಡ ತರಗತಿಗಳಲ್ಲಿ ವಿಜ್ಞಾನದ ಪ್ರಯೋಗಗಳನ್ನೂ ಮಾಡಿ ತೋರಿಸಬೇಕೆಂಬುದು ನನ್ನ ಅಭಿಪ್ರಾಯ. ಆರಂಭಕ್ಕೆ ಆಮ್ಲ ಮತ್ತು ಲೋಹಗಳ ಪ್ರಯೋಗವೇ ಸೂಕ್ತ.

ಪ್ರನಾಳದಲ್ಲಿ ಸತುವಿನ ಚೂರುಗಳು. ಅವುಗಳ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ. ಗುಳ್ಳೆಗಳೇಳುತ್ತವೆ, ಉರಿಯುವ ಕಡ್ಡಿ ಹಿಡಿದರೆ ಪಟ್ಟೆಂದು ಸದ್ದಾಗುತ್ತದೆ. ನಮ್ಮಲ್ಲಿ ಅನೇಕರು ಪ್ರೌಢಶಾಲೆಯಲ್ಲಿ ಕಂಡದ್ದೇ ಇದು. ಈ ಅನಿಲವನ್ನು ಹೆನ್ರಿ ಕ್ಯಾವೆಂಡಿಷ್ 1766ರಲ್ಲಿ ವಿವರಿಸಿದ. ಅದು ಉರಿದಾಗ ನೀರು ಹುಟ್ಟುವುದರಿಂದ ಫ್ರಾನ್ಸಿನ ಲವಾಸಿಯೆ ಮತ್ತು ಸಂಗಡಿಗರು ಗ್ರೀಕ್ ಮೂಲದಿಂದ ಹೊಸ ಹೆಸರನ್ನಿತ್ತರು. ‘ಹೈಡ್ರೋಜನ್’ ಎಂಬ ಆ ಹೆಸರಿನ ಅರ್ಥ ಇಂಗ್ಲಿಷಿನಲ್ಲಿ ಕಲಿಯುವ ಮಗುವಿಗೆ ಹೊಳೆಯದು. ‘ಜಲಜನಕ’ ಎಂದೊಡನೆ ಕನ್ನಡದ ಮಗುವಿಗೆ ತಿಳಿಯುತ್ತದೆ.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ಆಮ್ಲಗಳಿಗೆಲ್ಲ ಮೂಲವೆಂದು ಲವಾಸಿಯೆ ನಂಬಿದ್ದ ಇನ್ನೊಂದು ಅನಿಲ ನಮ್ಮಲ್ಲಿ ‘ಆಮ್ಲಜನಕ’ವಾಯಿತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲವೆಂದು ಹಂಫ್ರಿ ಡೇವಿ 1810ರ ಸುಮಾರಿಗೆ ತೋರಿಸಿಕೊಟ್ಟ. ಹಳೆಯ ತಪ್ಪು ಹೆಸರಿನಲ್ಲಿ ಹಾಗೆಯೇ ಉಳಿದಿದೆ. ಪ್ರಯೋಗವನ್ನು ಕಣ್ಣಾರೆ ಕಂಡ ಮಗು, “ಆಮ್ಲದಿಂದ ಆಮ್ಲಜನಕ ಬರಬೇಕಿತ್ತಲ್ಲ, ಜಲಜನಕವೇಕೆ ಬಂತು?” ಎಂದು ಕೇಳಬಹುದು. ಇಂಗ್ಲಿಷ್ ಪಾಠದಲ್ಲಿ ಸುಲಭವಾಗಿ ಏಳದ ಈ ಪ್ರಶ್ನೆ ಕನ್ನಡದಲ್ಲಿ ತಾನಾಗಿ ಏಳುತ್ತದೆ. ಹೆಸರನ್ನೇ ಪ್ರಶ್ನಿಸಲು ಕಲಿತ ಮಗು ವಿಜ್ಞಾನವನ್ನೂ ಭಾಷೆಯನ್ನೂ ಒಟ್ಟಿಗೆ ಕಲಿತಂತೆ.

ಈ ರಸಾಯನಶಾಸ್ತ್ರ ನಮ್ಮ ಅಡುಗೆಮನೆಗೆ ಹೊಸದೂ ಅಲ್ಲ. ಹುಣಸೆಹುಳಿಯಿಂದ ಹಿತ್ತಾಳೆಯ ದೀಪ ಬೆಳಗುವುದು, ಕಲಾಯಿಯಿಲ್ಲದ ಪಾತ್ರೆಯಲ್ಲಿ ಇಟ್ಟ ಸಾರು ಕಿಲುಬುವುದು, ಇವೆಲ್ಲ ಆಮ್ಲವೂ ಲೋಹವೂ ಸಂಧಿಸಿದ ಫಲಗಳೇ.

ಅಪಾಯದ ಮಾತೇನು ಎಂದು ಪೋಷಕರು ಕೇಳುವುದು ನ್ಯಾಯ. ಲವಣಗಳು ಬಣ್ಣಬಣ್ಣದ ಜ್ವಾಲೆ ಕೊಡುವುದನ್ನು ಮೆಥನಾಲ್ ಸುರಿದು ತೋರಿಸುವಾಗ ಅಮೆರಿಕದ ಶಾಲೆಗಳಲ್ಲಿ ವಿದ್ಯಾರ್ಥಿಗಳು ಸುಟ್ಟುಕೊಂಡದ್ದುಂಟು. ಆ ವಿಧಾನವನ್ನು ಕೈಬಿಡುವಂತೆ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸುರಕ್ಷತಾ ಸಮಿತಿ 2014ರಲ್ಲಿ ಸಲಹೆ ನೀಡಿತು. ಆದರೆ ಹೆದರಿ ಎಲ್ಲವನ್ನೂ ವಿಡಿಯೋಗೆ ಒಪ್ಪಿಸುವುದು ಪರಿಹಾರವಲ್ಲ. ಪ್ರಯೋಗವನ್ನು ಚಿಕ್ಕದಾಗಿಸುವುದು ಪರಿಹಾರ. ಸತುವಿನ ಪ್ರಯೋಗ ಹಿರಿಯ ಮಕ್ಕಳಿಗಿರಲಿ. ಅದನ್ನು ಅನುಭವಿಗಳೇ ಮಾಡಿ ತೋರಿಸಲಿ. ಕಿರಿಯರಿಗೆ ವಿನೆಗರ್, ಉಪ್ಪು, 1982ಕ್ಕಿಂತ ಹಿಂದಿನ ಕೆಲವು ಮಸುಕಾದ ಪೆನ್ನಿಗಳು ಸಾಕು. ಅವುಗಳಲ್ಲಿ ಶೇ. 95ರಷ್ಟು ತಾಮ್ರವಿದೆ. ನಾಣ್ಯಗಳು ಹೊಳೆಯತೊಡಗಿದ ಮೇಲೆ ಅದೇ ದ್ರವದಲ್ಲಿ ಕಬ್ಬಿಣದ ಮೊಳೆಯನ್ನಿಟ್ಟರೆ, ಕ್ರಮೇಣ ಅದರ ಮೇಲೆ ತಾಮ್ರದ ತೆಳುಪದರ ಮೂಡುತ್ತದೆ. ಸುರಕ್ಷತಾ ಕನ್ನಡಕ ಎಲ್ಲರಿಗೂ ಕಡ್ಡಾಯವಾಗಿರಲಿ, ದ್ರವವನ್ನು ಯಾರೂ ರುಚಿ ನೋಡದಿರಲಿ.

ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ್ದು 1918ರಲ್ಲಿ. ಕನ್ನಡಕ್ಕೆ ವಿಜ್ಞಾನವನ್ನು ಹೇಳುವ ಶಕ್ತಿಯಿದೆಯೇ ಎಂಬ ಸಂಶಯಕ್ಕೆ ಅವರು ಅಂದೇ ಉತ್ತರಿಸಿದ್ದಾರೆ. ನಮ್ಮ ಸದಸ್ಯರಲ್ಲಿ ರಸಾಯನಶಾಸ್ತ್ರ ಬಲ್ಲವರಿಗೆ ಕೊರತೆಯಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಅವರು ಮಕ್ಕಳ ಮುಂದೆ ನಿಲ್ಲಲಿ. ಕಾರ್ಯಕಾರಿ ಸಮಿತಿ ಅದಕ್ಕೊಂದು ಮೇಜನ್ನೂ ಸಮಯವನ್ನೂ ಒದಗಿಸಲಿ ಎಂದು ವಿನಂತಿಸುತ್ತೇನೆ.