‘ಕ್ಯಾಮ್ ಹಾಕಿದ್ರೆ ಹಂಗೇ ಇರತ್ತೆ ಮಗಾ’

ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆ ಮುಚ್ಚಿ, ಗಾಡಿಗಳೆಲ್ಲ ಗಾಂಧಿ ಬಜಾರಿನ ಕಡೆ ತಿರುಗಿದ್ದ ಸಂಜೆ. ನಮ್ಮ ಬುಲೆಟ್ ಒಂದೇ ಸಿಗ್ನಲ್‌ನಲ್ಲಿ ನಾಲ್ಕು ಸಲ ಆಫ್ ಆಯ್ತು. ಹಿಂದೆ ಬಸ್ಸು, ಪಕ್ಕದಲ್ಲಿ ಎರಡು ಆಟೋ, ಎಲ್ಲರದ್ದೂ ಹಾರ್ನ್. ಒಬ್ಬ ಕಿಕ್ ಹೊಡೀತಿದ್ದ, ಇನ್ನೊಬ್ಬ ಬೆವರು ಒರೆಸ್ಕೊಳ್ತಿದ್ದ. ಆಗಲೂ ನಾವು ಒಬ್ಬರಿಗೊಬ್ಬರು ಹೇಳಿಕೊಂಡ ಸಮಾಧಾನ ಒಂದೇ: ‘ಪರ್ಫಾರ್ಮೆನ್ಸ್ ಕ್ಯಾಮ್ ಹಾಕಿದ್ರೆ ಹಂಗೇ ಇರತ್ತೆ ಮಗಾ.’

ಈ ಲೇಖನ ಆ ಮಾತಿನ ವಿರುದ್ಧ. ಕ್ಯಾಂಪಸ್ ಪಾರ್ಕಿಂಗ್‌ನಲ್ಲಿ ವಾರಕ್ಕೆ ಎರಡು ಸಲವಾದರೂ ಕಿವಿಗೆ ಬೀಳುವ ಮಾತು ಇದು. ಅರ್ಧ ನಿಜ ಇರೋದರಿಂದಲೇ ಅಪಾಯಕಾರಿ.

ಮೊದಲು ಆ ಅರ್ಧ ನಿಜ. ಮೂರನೇ ಸೆಮ್‌ನಲ್ಲಿ ವಾಲ್ವ್ ಟೈಮಿಂಗ್ ಡಯಾಗ್ರಾಮ್ ಬರೆದು ಹತ್ತು ಮಾರ್ಕ್ಸ್ ತಗೊಂಡವರೇ ನಾವೆಲ್ಲ. ಎಕ್ಸಾಸ್ಟ್ ವಾಲ್ವ್ ಇನ್ನೂ ಮುಚ್ಚಿರುವುದಿಲ್ಲ, ಇನ್‌ಲೆಟ್ ಆಗಲೇ ತೆರೆದಿರುತ್ತದೆ. ಆ ಅವಧಿಗೆ ಓವರ್‌ಲ್ಯಾಪ್ ಅಂತೀವಿ. ಸಾಧಾರಣ ಕ್ಯಾಮ್‌ನಲ್ಲಿ ಅದು 20 ಡಿಗ್ರಿ, ಪರ್ಫಾರ್ಮೆನ್ಸ್ ಕ್ಯಾಮ್‌ನಲ್ಲಿ 60 ಡಿಗ್ರಿ ಅಂತ ಇಟ್ಟುಕೊಳ್ಳಿ. 5000 ಆರ್‌ಪಿಎಂನಲ್ಲಿ 60 ಡಿಗ್ರಿ ಕಳೆಯೋಕೆ 2 ಮಿಲಿಸೆಕೆಂಡ್ ಸಾಕು. ಹೊರಹೋಗುವ ಹೊಗೆಯ ವೇಗವೇ ಹೊಸ ಗಾಳಿಯನ್ನು ಒಳಗೆಳೆಯುತ್ತದೆ, ಎಂಜಿನ್ ಹಾಡುತ್ತದೆ. 1000 ಆರ್‌ಪಿಎಂನಲ್ಲಿ ಅದೇ 60 ಡಿಗ್ರಿಗೆ 10 ಮಿಲಿಸೆಕೆಂಡ್. ಥ್ರಾಟಲ್ ಮುಚ್ಚಿರುವುದರಿಂದ ಇನ್‌ಲೆಟ್ ಕಡೆ ಒತ್ತಡ ಕಡಿಮೆ, ಎಕ್ಸಾಸ್ಟ್ ಕಡೆ ಹೆಚ್ಚು. ಹಾಗಾಗಿ ಸುಟ್ಟ ಹೊಗೆ ವಾಪಸ್ ನುಗ್ಗಿ ಹೊಸ ಮಿಶ್ರಣದ ಜೊತೆ ಸೇರುತ್ತದೆ. ಒಂದು ಸಲ ಚೆನ್ನಾಗಿ ಉರಿಯುತ್ತದೆ, ಇನ್ನೊಂದು ಸಲ ಅರೆಬರೆ, ಮತ್ತೊಂದು ಸಲ ಉರಿಯುವುದೇ ಇಲ್ಲ. ಕ್ಯಾಂಟೀನ್ ಮುಂದೆ ಜನ ತಿರುಗಿ ನೋಡುವ ಆ ‘ಡುಗ್... ಡುಗ್‌ಡುಗ್... ಡುಗ್’ ಸದ್ದಿನ ಗುಟ್ಟು ಇಷ್ಟೇ. ಅಂದರೆ ಐಡಲ್ ಸ್ವಲ್ಪ ಒರಟಾಗುವುದು ಸಹಜ.

ಆದರೆ ಎಷ್ಟು ಒರಟು ಸಹಜ, ಎಲ್ಲಿಂದ ಮುಂದೆ ಅದು ದೋಷ? ‘ಹಂಗೇ ಇರತ್ತೆ’ ಅನ್ನುವವರು ಈ ಗೆರೆ ಎಳೆಯುವುದೇ ಇಲ್ಲ. ನಾವೂ ಎಳೆದಿರಲಿಲ್ಲ.

ಗಾಡಿ ನಮ್ಮಲ್ಲೊಬ್ಬನ ಅಜ್ಜನದು. ಹಳೇ ಎರಕದ ಕಬ್ಬಿಣದ ಎಂಜಿನ್‌ನ 350, ಚಾಮರಾಜಪೇಟೆಯ ಮನೆಯ ಹಿತ್ತಲಲ್ಲಿ ನಿಂತಿತ್ತು. ರಜೆಯಲ್ಲಿ ನಾವೇ ಬಿಚ್ಚಿ ಹೈ-ಲಿಫ್ಟ್ ಕ್ಯಾಮ್ ಎರಡನ್ನೂ ಹಾಕಿದ್ವಿ. ಅದೇ ಎರಡು ದಿನದಲ್ಲಿ ಸೈಲೆನ್ಸರ್, ಏರ್ ಫಿಲ್ಟರ್, ಕಾರ್ಬ್ಯುರೇಟರಿನ ಮೇನ್ ಜೆಟ್ ಕೂಡ ಬದಲಾಯ್ತು. ಐಡಲ್ ನಿಲ್ಲಲಿಲ್ಲ. ಐಡಲ್ ಸ್ಕ್ರೂ ಒಂದು ಸುತ್ತು ತಿರುಗಿಸಿದ್ವಿ, ನಿಂತಿತು. ವಾರ ಕಳೆದು ಮತ್ತೆ ಕೈಕೊಟ್ಟಾಗ ಇನ್ನರ್ಧ ಸುತ್ತು. ನಾವು ರಿಪೇರಿ ಮಾಡ್ತಿದ್ದೀವಿ ಅಂದುಕೊಂಡಿದ್ವಿ; ನಿಜಕ್ಕೂ ಜ್ವರ ಬಂದವನ ಥರ್ಮಾಮೀಟರ್ ಮುಚ್ಚಿಡ್ತಿದ್ವಿ.

ಪರಿಷೆಯ ಮರುದಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದ್ವಿ. ಅವರು ಗಾಡಿ ಮುಟ್ಟಲೇ ಇಲ್ಲ. ‘ಒಟ್ಟಿಗೆ ಎಷ್ಟು ಬದಲಾಯಿಸಿದ್ರಿ?’ ಅಂದರು. ನಾಲ್ಕು ಅಂದ್ವಿ. ‘ಹಂಗಾದ್ರೆ ಮೂರು ವಾಪಸ್ ಹಾಕ್ಕೊಂಡು ಬನ್ನಿ’ ಅಂದರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ನಮಗೆ, ಒಂದು ಸಲಕ್ಕೆ ಒಂದೇ ವೇರಿಯಬಲ್ ಬದಲಾಯಿಸಬೇಕು ಅನ್ನೋದನ್ನ ಗಲ್ಲಿಯಲ್ಲಿ ಹೇಳಿಸಿಕೊಳ್ಳಬೇಕಾಯ್ತು. ನಾಚಿಕೆ ಆಯ್ತು, ಒಳ್ಳೇದೂ ಆಯ್ತು.

ಮೂರನ್ನೂ ವಾಪಸ್ ಹಾಕಿದ್ವಿ. ಐಡಲ್ ಇನ್ನೂ ಒರಟು. ಆದರೆ ಈಗ ಹುಡುಕುವ ಜಾಗ ಕಿರಿದಾಗಿತ್ತು.

ಮೊದಲು ಟೈಮಿಂಗ್ ಗುರುತು ನೋಡಿದ್ವಿ. ಕ್ಯಾಮ್ ಪಿನಿಯನ್‌ಗೆ 40 ಹಲ್ಲು ಅಂದುಕೊಳ್ಳಿ. ಒಂದು ಹಲ್ಲು ತಪ್ಪಿದರೆ ಕ್ಯಾಮ್ 9 ಡಿಗ್ರಿ ಆಚೀಚೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದೇ ಸುತ್ತು, ಹಾಗಾಗಿ ಕ್ರ್ಯಾಂಕ್ ಲೆಕ್ಕದಲ್ಲಿ ಅದು 18 ಡಿಗ್ರಿ! ಸ್ಕ್ರೂ ತಿರುಗಿಸಿ ಸರಿಮಾಡುವ ತಪ್ಪಲ್ಲ. ನಮ್ಮದು ಸರಿಯಾಗೇ ಕೂತಿತ್ತು. ಆದರೆ ಹೊರಗಿನಿಂದ ತಂದ ಕ್ಯಾಮ್‌ನಲ್ಲಿ ಗುರುತೇ ತಪ್ಪಿರಬಹುದು, ಡಿಗ್ರಿ ವೀಲ್ ಇಟ್ಟು ಒಮ್ಮೆ ಅಳೆಯುವುದು ಒಳ್ಳೇದು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಕಾಗದದ ಚಕ್ರವನ್ನು ರಟ್ಟಿಗೆ ಅಂಟಿಸಿಕೊಂಡರೂ ನಡೆಯುತ್ತೆ.

ಆಮೇಲೆ ಕಂಪ್ರೆಷನ್. ಇಲ್ಲೊಂದು ಮೋಸ ಇದೆ. ಇಂಥ ಕ್ಯಾಮ್‌ನಲ್ಲಿ ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಕಿಕ್ ಹೊಡೆದಾಗ ಗೇಜ್ ಕಡಿಮೆಯೇ ತೋರಿಸುತ್ತೆ. ‘ಹಂಗೇ ಇರತ್ತೆ’ ಅನ್ನೋಕೆ ಇನ್ನೊಂದು ನೆಪ. ಹಾಗಾಗಿ ಲೀಕ್-ಡೌನ್ ಪರೀಕ್ಷೆ ಬೇಕು: ಪಿಸ್ಟನ್ ಅನ್ನು ಕಂಪ್ರೆಷನ್ನಿನ ತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ, ಸ್ಪಾರ್ಕ್ ಪ್ಲಗ್ ತೂತಿನಿಂದ ಗಾಳಿ ಒತ್ತಿ, ಎಲ್ಲಿ ಸೋರುತ್ತೆ ಅಂತ ಕಿವಿಗೊಡುವುದು. ಕಾರ್ಬ್ಯುರೇಟರಿನಲ್ಲಿ ಸದ್ದು ಬಂದರೆ ಇನ್‌ಲೆಟ್ ವಾಲ್ವ್, ಬ್ರೀದರ್‌ನಲ್ಲಿ ಬಂದರೆ ಪಿಸ್ಟನ್ ರಿಂಗ್, ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್. ನಮ್ಮ ಗಾಡಿ ಸೈಲೆನ್ಸರ್‌ನಿಂದ ‘ಸ್ಸ್ಸ್’ ಅಂತು.

ತಪ್ಪು ನಮ್ಮದೇ. ಹೊಸ ಕ್ಯಾಮ್ ಹಾಕಿದ ಮೇಲೆ ಟಕಟಕ ಸದ್ದು ಬರಬಾರದು ಅಂತ ಪುಶ್‌ರಾಡ್ ಅನ್ನು ಒಂದು ಹಿಡಿ ಹೆಚ್ಚೇ ಬಿಗಿ ಮಾಡಿದ್ವಿ. ಎಂಜಿನ್ ತಣ್ಣಗಿರುವಾಗ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಬಾರದು. ನಮ್ಮದು ತಿರುಗುತ್ತಲೇ ಇರಲಿಲ್ಲ. ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರುತ್ತಿರಲಿಲ್ಲ. ಕೂತಾಗಲೇ ಅದರ ಬಿಸಿ ಸೀಟಿಗೆ ಹರಿಯುವುದು; ಕೂರದಿದ್ದರೆ ಅಂಚು ಸುಟ್ಟು ಹೋಗುತ್ತದೆ. ಇನ್ನೊಂದು ತಿಂಗಳು ‘ಹಂಗೇ’ ಓಡಿಸಿದ್ದರೆ ಅಜ್ಜನ ಎಂಜಿನ್ ಹೆಡ್ ಬಿಚ್ಚಬೇಕಾಗಿತ್ತು. ಸಡಿಲಿಸಿದ್ವಿ, ಸದ್ದು ನಿಂತಿತು. ಬಚಾವ್.

ಜೊತೆಗೆ ಇನ್‌ಲೆಟ್ ಗ್ಯಾಸ್ಕೆಟ್ ಬಳಿ ಗಾಳಿ ಎಳೆಯುತ್ತಿತ್ತು. ಐಡಲ್‌ನಲ್ಲಿ ಬಿಟ್ಟು ಜೋಡಣೆಯ ಸುತ್ತ ನೀರು ಸಿಂಪಡಿಸಿದಾಗ ಎಂಜಿನ್ ಸದ್ದು ಕ್ಷಣಕಾಲ ಸುಧಾರಿಸಿತು, ಅಲ್ಲೇ ಸಿಕ್ಕಿಬಿತ್ತು. ಕಾರ್ಬ್ಯುರೇಟರಿಗೆ ಕೈ ಹಾಕಿದ್ದು ಕೊನೆಗೆ. ಮೇನ್ ಜೆಟ್‌ಗೂ ಐಡಲ್‌ಗೂ ಸಂಬಂಧ ಇಲ್ಲ, ಅಲ್ಲಿ ಕೆಲಸ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂದು. ನಾವೋ ಚೆನ್ನೈನವರೊಬ್ಬರ ಜೆಟ್ ನಂಬರ್ ಕಾಪಿ ಹೊಡೆದಿದ್ವಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಶೇಕಡಾ 10ರಷ್ಟು ಕಡಿಮೆ. ಅಲ್ಲಿ ಸರಿಯಿದ್ದ ಜೆಟ್ ಇಲ್ಲಿ ರಿಚ್.

‘ನಂದು ಇಂಜೆಕ್ಷನ್ ಗಾಡಿ, ಇಸಿಯು ನೋಡ್ಕೊಳತ್ತೆ’ ಅನ್ನುವವರಿಗೂ ಒಂದು ಮಾತು. ಓವರ್‌ಲ್ಯಾಪ್ ಹೆಚ್ಚಾದರೆ ಐಡಲ್‌ನಲ್ಲಿ ಮ್ಯಾನಿಫೋಲ್ಡ್ ನಿರ್ವಾತ ಕಮ್ಮಿಯಾಗುತ್ತೆ. ಮ್ಯಾಪ್ ಸೆನ್ಸರ್ ಅದನ್ನು ಲೋಡ್ ಅಂತ ಓದುತ್ತೆ, ಇಸಿಯು ಪೆಟ್ರೋಲ್ ಹೆಚ್ಚು ಸುರಿಯುತ್ತೆ. ಉರಿಯದ ಸೈಕಲ್‌ಗಳ ಆಮ್ಲಜನಕ ಎಕ್ಸಾಸ್ಟಿಗೆ ಹೋದಾಗ ಆಕ್ಸಿಜನ್ ಸೆನ್ಸರ್ ‘ಲೀನ್’ ಅಂತ ತಿಳಿಯುತ್ತೆ, ಇಸಿಯು ಇನ್ನೂ ಸುರಿಯುತ್ತೆ. ಸೆನ್ಸರ್ ಕೆಟ್ಟಿಲ್ಲ, ಅದಕ್ಕೆ ಹೇಳಿಕೊಟ್ಟ ಎಂಜಿನ್ ಬೇರೆ. ಮ್ಯಾಪ್ ತಿದ್ದಿಸದೆ ಸೆನ್ಸರ್ ಬದಲಾಯಿಸುತ್ತಾ ಕೂತರೆ ದುಡ್ಡು ದಂಡ.

ಸ್ಕ್ರೂ ತಿರುಗಿಸುವ ಚಟ ನಮಗೆ ಎಲ್ಲಿಂದ ಬಂತು? ನಮ್ಮ ಅನಿಸಿಕೆ: ನಮ್ಮ ಮನೆಗಳ ಗಾಡಿ ಜ್ಞಾನ ಬಹಳಷ್ಟು ಟೂ-ಸ್ಟ್ರೋಕ್‌ನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮಾಡಿದ ಜಾವಾ, ಯೆಜ್ದಿಗಳಲ್ಲಿ ಕ್ಯಾಮ್‌ಶಾಫ್ಟೇ ಇರಲಿಲ್ಲ. ಸಿಲಿಂಡರ್ ಗೋಡೆಯ ಪೋರ್ಟ್‌ಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತಿತ್ತು. ಅಪ್ಪಂದಿರು ಪ್ಲಗ್ ಒರೆಸಿ, ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಿದರೆ ಕೆಲಸ ಆಗುತ್ತಿತ್ತು. ಅವರ ಮಟ್ಟಿಗೆ ಸರಿ. ಆ ಕೈಚಳಕವನ್ನೇ ಕ್ಯಾಮ್ ಇರುವ ಎಂಜಿನ್‌ಗೆ ಹಚ್ಚಿದರೆ ತಪ್ಪು ಒಳಗೇ ಉಳಿಯುತ್ತದೆ.

ಎಲ್ಲ ಸರಿಮಾಡಿದ ಮೇಲೂ ನಮ್ಮ ಐಡಲ್ ಸ್ವಲ್ಪ ಕುಂಟುತ್ತಿತ್ತು. ಈಗ ಉಳಿದದ್ದು ನಿಜಕ್ಕೂ ಕ್ಯಾಮ್‌ನ ಬೆಲೆ. ಆಗ ಮಾತ್ರ ಕೇಳಬಹುದಾದ ಪ್ರಶ್ನೆ: ಈ ಬೆಲೆ ಕೊಡಬೇಕಾ? ಟ್ರ್ಯಾಕ್‌ಗೆ ಹೋಗುವವರು ಕೊಡಲಿ. ನಮ್ಮ ಓಡಾಟ ಚಾಮರಾಜಪೇಟೆಯಿಂದ ಬಸವನಗುಡಿ, ಹೆಚ್ಚೆಂದರೆ ಭಾನುವಾರ ಮಲ್ಲೇಶ್ವರಕ್ಕೆ ದೋಸೆಗೆ. ಈ ಕ್ಯಾಮ್ ಕೊಡುವ ಲಾಭ ಇರುವುದು ಮೇಲಿನ ಆರ್‌ಪಿಎಂನಲ್ಲಿ, ನಾವು ಬದುಕುವುದು ಐಡಲ್‌ನಲ್ಲಿ. ಸಂಪಿಗೆ ರಸ್ತೆಯಲ್ಲಿ ಮೂರನೇ ಗೇರ್ ಬಿದ್ದರೆ ಅದೃಷ್ಟ. ಪೆಟ್ರೋಲ್ ಗಾಡಿಯ ಪಿಯುಸಿ ಪರೀಕ್ಷೆಯೂ ಐಡಲ್‌ನಲ್ಲೇ ಹೊಗೆ ಅಳೆಯುತ್ತೆ. ಉರಿಯದೆ ಹೋದ ಪೆಟ್ರೋಲ್ ಅಲ್ಲೇ ಕಾಣುತ್ತೆ, ನಮ್ಮ ಹಿಂದಿನ ಸ್ಕೂಟರಿನವರ ಮೂಗಿಗೂ ಹೋಗುತ್ತೆ. ಜನವರಿಯಲ್ಲಿ ಹಳೇ ಕ್ಯಾಮ್ ವಾಪಸ್ ಹಾಕಿದ್ವಿ. ಕ್ಯಾಂಟೀನ್ ಮುಂದೆ ಈಗ ಯಾರೂ ತಿರುಗಿ ನೋಡಲ್ಲ.

ಮಾಡಿಫೈ ಮಾಡಬೇಡಿ ಅಂತ ನಾವು ಹೇಳ್ತಿಲ್ಲ. ಬಿಚ್ಚಿದ್ದರಿಂದಲೇ ನಮಗೆ ಎಂಜಿನ್ ಅರ್ಥ ಆಗಿದ್ದು. ಕೇಳುವುದು ಇಷ್ಟೇ: ಬಿಚ್ಚುವ ಮುಂಚೆ ಈಗ ಹೇಗಿದೆ ಅಂತ ಅಳೆದು ಬರೆದಿಡಿ, ಒಂದೊಂದೇ ಬದಲಾಯಿಸಿ, ದೋಷಗಳನ್ನೆಲ್ಲ ಕಳೆದ ಮೇಲೆ ಉಳಿದದ್ದಕ್ಕೆ ಮಾತ್ರ ‘ಹಂಗೇ ಇರತ್ತೆ’ ಅನ್ನಿ. ಕಾಗದದ ಡಿಗ್ರಿ ವೀಲ್ ನಮ್ಮ ಹತ್ತಿರ ಇನ್ನೂ ಇದೆ, ಬೇಕಾದವರು ಬಂದು ತಗೊಂಡು ಹೋಗಿ. ವಾಪಸ್ ಕೊಡಿ, ಅಷ್ಟೇ.